ಮೂರನೇ ನಂಬರಿನ ಜಗಳ

ಜಾಗಕ್ಕಾಗಿ ಕಿತ್ತಾಡುವವರು ಮನುಷ್ಯರು ಮಾತ್ರ ಎಂದು ನಂಬಿದವರು ತೊಂಬತ್ತರ ದಶಕದ ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿಲ್ಲ. ಅದರೊಳಗಿದ್ದ ಎಲ್ಲರಿಗೂ ಪ್ರೊಸೆಸರ್ ಸಾಹೇಬರ ಗಮನ ಬೇಕು. "ಸ್ವಾಮಿ, ಸ್ವಲ್ಪ ಇತ್ತ ನೋಡಿ" ಎಂದು ಕರೆಯಲು ಒಬ್ಬೊಬ್ಬರಿಗೂ ಒಂದೊಂದು ತಂತಿ. ಅದಕ್ಕೆ ಐಆರ್‌ಕ್ಯು ಎಂದು ಹೆಸರು. 1981ರ ಐಬಿಎಂ ಪಿಸಿಯಲ್ಲಿ ಇಂಥವು 8. 1984ರ ಪಿಸಿ ಎಟಿಯಲ್ಲಿ ಇನ್ನೂ 8 ತಂತಿಗಳ ಚಿಪ್ಪೊಂದನ್ನು ಸೇರಿಸಿದರು. ಒಟ್ಟು 16 ಎಂದು ಹಿಗ್ಗಬೇಡಿ, ಚಿಪ್ಪುಗಳೆರಡನ್ನೂ ಜೋಡಿಸಲು ಒಂದು ತಂತಿ ಖರ್ಚಾಗಿ ಉಳಿದದ್ದು 15. ಟೈಮರಿಗೆ 0, ಕೀಬೋರ್ಡಿಗೆ 1, ಫ್ಲಾಪಿಗೆ 6, ಹಾರ್ಡ್ ಡಿಸ್ಕಿಗೆ 14 ಎಂದು ಹಳಬರು ಮೊದಲೇ ಹಂಚಿಕೊಂಡಿದ್ದರು.

ಇಂಥ ತುಂಬಿದ ಬಸ್ಸಿಗೆ ನೆಟ್‌ವರ್ಕ್ ಕಾರ್ಡು ತಡವಾಗಿ ಹತ್ತಿತು. ಎನ್‌ಇ2000 ಮಾದರಿಯ ಅಗ್ಗದ ಕಾರ್ಡುಗಳು ಸಾಮಾನ್ಯವಾಗಿ 3ನೇ ನಂಬರು ಹಿಡಿದೇ ಬರುತ್ತಿದ್ದವು. ಅಲ್ಲಿ ನೋಡಿದರೆ ಎರಡನೇ ಸೀರಿಯಲ್ ಪೋರ್ಟು ಆಗಲೇ ಟವೆಲ್ ಹಾಕಿದೆ! 5ಕ್ಕೆ ಹೋದರೆ ಸೌಂಡ್ ಕಾರ್ಡು ಕಾಲು ಚಾಚಿ ಕೂತಿದೆ. ಸ್ವಲ್ಪ ಸರಿದು ಕೂಡಿ ಎನ್ನುವಂತಿಲ್ಲ. ಆಗಿನ ಐಎಸ್‌ಎ ಸ್ಲಾಟಿನಲ್ಲಿ ಒಂದು ತಂತಿಯನ್ನು ಇಬ್ಬರು ನೆಮ್ಮದಿಯಾಗಿ ಹಂಚಿಕೊಳ್ಳಲು ಆಗುತ್ತಿರಲಿಲ್ಲ. ಬಲವಂತವಾಗಿ ಕೂರಿಸಿದರೆ, ಫೈಲು ಕಾಪಿಯಾಗುವಾಗ ಹಾಡು ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡು ತೊದಲುತ್ತಿತ್ತು. ಹಾಡುಗಾರನದು ತಪ್ಪಿಲ್ಲ, ಫೈಲಿನದೂ ಇಲ್ಲ.

ಪಂಚಾಯಿತಿಗೆ ಬೇಕಾದ ಸಲಕರಣೆ ಜಂಪರ್. ಅಕ್ಕಿಕಾಳಿಗಿಂತ ತುಸು ದಪ್ಪದ ಕರಿ ಪ್ಲಾಸ್ಟಿಕ್ ಟೋಪಿ, ಒಳಗೆ ಲೋಹದ ಚೂರು. ಕಾರ್ಡಿನ ಮೇಲೆ ಸಾಲಾಗಿ ನಿಂತ ಪಿನ್ನುಗಳಲ್ಲಿ ಒಂದು ಜೋಡಿಯಿಂದ ಅದನ್ನು ಕಿತ್ತು ಇನ್ನೊಂದು ಜೋಡಿಗೆ ತೊಡಿಸಿದರೆ ನಂಬರು ಬದಲು. ಕೈಜಾರಿದರೆ ಮಾತ್ರ ಮನೆಮಂದಿಯೆಲ್ಲ ಟಾರ್ಚು ಹಿಡಿದು ಮಂಚದ ಕೆಳಗೆ ತೂರಬೇಕು. ಆಮೇಲೆ ಜಂಪರಿಲ್ಲದ ಕಾರ್ಡುಗಳು ಬಂದವು; ಅವುಗಳ ನಂಬರು ಬದಲಿಸಲು ಒಂದು ಫ್ಲಾಪಿ ಕೊಡುತ್ತಿದ್ದರು. ಕಾರ್ಡಿಗಿಂತ ಮೊದಲು ಕಳೆದುಹೋಗುತ್ತಿದ್ದುದು ಆ ಫ್ಲಾಪಿಯೇ. 1995ರಲ್ಲಿ ವಿಂಡೋಸ್ 95 "ಎಲ್ಲ ನಾನೇ ನೋಡಿಕೊಳ್ಳುತ್ತೇನೆ" ಎಂದಿತು. ನೋಡಿಕೊಂಡದ್ದು ನಿಜ, ಆಗದಿದ್ದಾಗ ಒಂದು ಹಳದಿ ಆಶ್ಚರ್ಯಸೂಚಕ ಚಿಹ್ನೆ ಇಟ್ಟು ಸುಮ್ಮನಾಗುತ್ತಿತ್ತು. ಆಶ್ಚರ್ಯ ಅದಕ್ಕೋ ನಮಗೋ ತಿಳಿಯುತ್ತಿರಲಿಲ್ಲ.

ಐಎಸ್‌ಎ ಜಾಗಕ್ಕೆ ಪಿಸಿಐ ಎಂಬ ಹೊಸ ಬಗೆಯ ಸ್ಲಾಟು ಬಂದ ಮೇಲೆ ತಂತಿ ಹಂಚಿಕೊಳ್ಳುವ ಸೌಜನ್ಯ ಕಾರ್ಡುಗಳಿಗೆ ಬಂತು. ಇಂದಿನವು ತಂತಿಯ ಗೊಡವೆಗೇ ಹೋಗದೆ ಸಂದೇಶ ಬರೆದು ಸಾಹೇಬರನ್ನು ಕರೆಯುತ್ತವೆ.

ನಿಮ್ಮ ಅಟ್ಟದ ಮೇಲೆ ಹಳೆಯ ಯಂತ್ರವೊಂದಿದ್ದರೆ, ಕಾರ್ಡು ಕೆಟ್ಟಿದೆ ಎಂದು ಗುಜರಿಗೆ ಹಾಕುವ ಮೊದಲು 10 ಅಥವಾ 11ನೇ ನಂಬರು ಕೊಟ್ಟು ನೋಡಿ. ಅವು ಸಾಮಾನ್ಯವಾಗಿ ಖಾಲಿ. ಎಂಟು ಬಿಟ್ಟಿನ ಗಿಡ್ಡ ಕಾರ್ಡಿಗೆ ಆ ಭಾಗ್ಯವಿಲ್ಲ. ಅದಕ್ಕಾದರೆ ಬಯಾಸ್‌ಗೆ ಹೋಗಿ, ಯಾರೂ ಬಳಸದ ಸೀರಿಯಲ್ ಪೋರ್ಟನ್ನು ಮುಲಾಜಿಲ್ಲದೆ ಎಬ್ಬಿಸಿ.