ಹಸೀದು, ಬೆಂದದ್ದು

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೊರಟ ಬಸ್ಸು ನರಗುಂದ ದಾಟಿ ಕೊಣ್ಣೂರಿಗೆ ಬಂದಾಗ ನಿದ್ದೆ ಮಾಡುತ್ತಿದ್ದವರೂ ಕಿಟಕಿಯ ಹೊರಗೆ ಕೈ ಚಾಚುತ್ತಾರೆ. ಮಲಪ್ರಭೆಯ ದಂಡೆಯ ಈ ಊರು ಪೇರಲಕ್ಕೆ ಹೆಸರಾದದ್ದು. ನಾಲ್ಕು ಸೀಳು ಮಾಡಿ, ನಡುವೆ ಉಪ್ಪು-ಖಾರ ಸವರಿ ಕೊಟ್ಟ ಹಣ್ಣನ್ನು ತಿನ್ನುವಾಗ ಯಾವ ಸತ್ವ ಎಷ್ಟಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹಾಕಿದರೆ ಲೆಕ್ಕ ದೊಡ್ಡದೇ. ನೂರು ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಮಿಕ್ಕಿ ಸಿ ಜೀವಸತ್ವ. ಇಷ್ಟೆಲ್ಲ ಹೊಗಳಿಸಿಕೊಳ್ಳುವ ಕಿತ್ತಳೆಯಲ್ಲಿ ಅದರ ಕಾಲುಭಾಗ. ಈ ಜೀವಸತ್ವಕ್ಕೆ ಬಿಸಿಯೂ ಆಗದು, ನೀರು ಕಂಡರೆ ಕರಗಿ ಹೋಗುವ ಚಾಳಿ ಬೇರೆ. ಸೊಪ್ಪು ಕುದಿಸಿ ನೀರು ಬಸಿದು ಚೆಲ್ಲುವ ಮನೆಯಲ್ಲಿ ಬಚ್ಚಲ ಮೋರಿ ಮಾತ್ರ ಪುಷ್ಟಿಯಾಗಿರುತ್ತದೆ. ಸದ್ಯ, ಪೇರಲವನ್ನು ಪಲ್ಯ ಮಾಡಬೇಕೆಂದು ಕೊಣ್ಣೂರಿನಲ್ಲಿ ಯಾರಿಗೂ ಹೊಳೆದಿಲ್ಲ.

ನನ್ನ ತಮ್ಮ ಈ ಒಂದೇ ಜೀವಸತ್ವದ ಮೇಲೆ ಇಡೀ ಧರ್ಮ ಕಟ್ಟಿಕೊಂಡಿದ್ದ. ಬೆಂಗಳೂರಿನಲ್ಲಿ ಗ್ಯಾಸ್ ಒಲೆಯ ಸಂಪರ್ಕವನ್ನೇ ಬಿಟ್ಟುಬಿಟ್ಟು, ರಜೆಗೆಂದು ಕೊಣ್ಣೂರಿನ ಅತ್ತಿಯ ಮನೆಗೆ ಬಂದ.

"ಅತ್ತಿ, ಒಲಿ ಮುಟ್ಟಿದ್ದು ನಾ ತಿನ್ನಂಗಿಲ್ಲ. ಬೆಂಕಿ ತಾಗಿದ್ರ ಸತ್ವ ಎಲ್ಲಾ ಹೋಗ್ತೈತಿ."

ಅತ್ತಿ ವಾದಿಸಲಿಲ್ಲ. ಹಕ್ಕರಕಿ, ಮೆಂತ್ಯದ ಎಳೆ ಎಲೆ, ಮೂಲಂಗಿ, ಸವತಿಕಾಯಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಎಲ್ಲ ತಟ್ಟೆಗೆ ಬಂತು. ತಮ್ಮನ ಮುಖ ಅರಳಿತು. ಆಮೇಲೆ ರೊಟ್ಟಿ ಇರಬೇಕಾದ ಜಾಗದಲ್ಲಿ ಒಂದು ಬೊಗಸೆ ಬಿಳಿಜೋಳದ ಕಾಳು ಸುರಿದು ಅಂದಳು: "ಇದೂ ಒಲಿ ಮುಟ್ಟಿಲ್ಲಪಾ. ಹೊಟ್ಟಿ ತುಂಬ ತಿನ್ನು."

ಮೂರನೆಯ ದಿನ ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ಸೀತನಿ ಸುಡುತ್ತಿದ್ದರು. ಹಾಲುಗಾಳಿನ ತೆನೆಯ ಆ ವಾಸನೆಗೆ ಧರ್ಮಸೂಕ್ಷ್ಮವೊಂದು ಹೊಳೆಯಿತು ಅವನಿಗೆ: ಸುಡುವುದು ಬೇರೆ, ಬೇಯಿಸುವುದು ಬೇರೆ. ಯಾರೂ ನಗಲಿಲ್ಲ, ಶೇಂಗಾಹಿಂಡಿಯ ಬಟ್ಟಲನ್ನು ಅವನ ಕಡೆ ಸರಿಸಿದರು. ಇಂಥ ಸೋಲು ದೊಡ್ಡವರಿಗೂ ತಪ್ಪಿಲ್ಲ. 1929ರಲ್ಲಿ ಗಾಂಧೀಜಿ ಬೇಯಿಸದ ಆಹಾರದ ಪ್ರಯೋಗ ಶುರುಮಾಡಿ, ಮೊಳಕೆ ಬಂದ ಗೋಧಿ, ಕಡಲೆ, ಹಸಿ ಸೊಪ್ಪಿನ ಮೇಲೆ ಇದ್ದು ನೋಡಿ, ಕೆಲವು ತಿಂಗಳಲ್ಲಿ ಹೊಟ್ಟೆ ಕೆಟ್ಟು ಕೈಬಿಟ್ಟರು. ಅವರು ಅದನ್ನು ಪತ್ರಿಕೆಯಲ್ಲಿ ಬರೆದು ಒಪ್ಪಿಕೊಂಡರು. ನಮ್ಮವನು ಇನ್ನೂ ಒಪ್ಪಿಕೊಂಡಿಲ್ಲ.

ಅತ್ತಿಯ ಜೋಳದ ಬೊಗಸೆಯಲ್ಲಿ ನಗೆಯಷ್ಟೇ ವಿಜ್ಞಾನವೂ ಇತ್ತು. ಹಸಿ ಕಾಳಿನ ಪಿಷ್ಟ ಬಿಗಿಯಾಗಿ ಕೂತಿರುತ್ತದೆ. ಕುದಿಯುವ ಎಸರು ಬಿದ್ದಾಗಲೇ ಅದು ಉಬ್ಬಿ ಸಡಿಲಾಗಿ ಹೊಟ್ಟೆಯ ರಸಗಳಿಗೆ ದಾರಿ ಕೊಡುತ್ತದೆ. ಹಾಗೆಂದು ಬೆಂಕಿಯ ಪಕ್ಷದವರು ಕುಣಿಯುವಂತಿಲ್ಲ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್; ನೀರಿನಲ್ಲಿ ಬೆಂದಾಗ ಅದು ಒಂದಕ್ಕೊಂದು ಗಂಟುಬಿದ್ದು ಮೊದಲಿಗಿಂತ ಕಷ್ಟವಾಗಿ ಜೀರ್ಣವಾಗುತ್ತದೆ. ಅಕ್ಕಿ-ಗೋಧಿಗೆ ಈ ತೊಂದರೆ ಇಷ್ಟಿಲ್ಲ. ನಮ್ಮ ಎರೆಭೂಮಿಯ ಅನ್ನದಾತನಿಗೇ ಈ ಹಟ. ಜೋಳದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕೂಡ ಕಡಿಮೆ. ಅದನ್ನು ತುಂಬಿಕೊಡಲು ರೊಟ್ಟಿಯ ಪಕ್ಕ ಮಡಿಕಿಕಾಳು, ಹೆಸರುಕಾಳು, ತೊಗರಿಬೇಳೆ ಬರಬೇಕು. ಅವನ್ನಂತೂ ಬೇಯಿಸಲೇಬೇಕು, ಏಕೆಂದರೆ ಹಸಿ ಬೇಳೆಕಾಳಿನಲ್ಲಿ ಪ್ರೋಟೀನು ಅರಗದಂತೆ ತಡೆಯುವ ಪದಾರ್ಥಗಳಿರುತ್ತವೆ, ಅವು ಬಗ್ಗುವುದು ಬಿಸಿಗೆ.

ಟೊಮೆಟೊದ ಕತೆ ಇನ್ನೂ ಇಕ್ಕಟ್ಟಿನದು. 2002ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಅದನ್ನು 88 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ನೋಡಿದರು. ಸಿ ಜೀವಸತ್ವ ಶೇ 29ರಷ್ಟು ಹೋಯಿತು. ಕೆಂಪು ಬಣ್ಣದ ಲೈಕೋಪೀನು ಮಾತ್ರ ಎರಡು ಪಟ್ಟಿಗೂ ಹೆಚ್ಚು ಸಿಕ್ಕಿತು. ಗಜ್ಜರಿಯ ಕ್ಯಾರೋಟಿನ್ನೂ ಹಾಗೆಯೇ. ಬೆಂದು, ಮೇಲೆ ಒಂದಿಷ್ಟು ಎಣ್ಣೆ ಸಿಕ್ಕರೆ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಬೆಳ್ಳುಳ್ಳಿ ತನ್ನ ಘಾಟು ಹುಟ್ಟಿಸುವುದು ಜಜ್ಜಿದ ಮೇಲೆ. ಜಜ್ಜುವ ಮೊದಲೇ ಬೇಯಿಸಿದರೆ ಆ ಕೆಲಸ ಮಾಡುವ ಕಿಣ್ವವೇ ಸತ್ತಿರುತ್ತದೆ. ಹೀಗಾಗಿ ಎರಡೂ ಪಕ್ಷದವರು ಬೇಕಾದ ತರಕಾರಿ ಆರಿಸಿಕೊಂಡು ಗೆಲ್ಲಬಹುದು.

ಉಳ್ಳಾಗಡ್ಡಿ ಮಾತ್ರ ಯಾರ ಪಕ್ಷಕ್ಕೂ ಸೇರಲೊಲ್ಲದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಧಾನ್ಯ-ಬೇಳೆಗಳ ಜೊತೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೇರಿದರೆ ಅವುಗಳಲ್ಲಿರುವ ಕಬ್ಬಿಣ, ಸತು ಹೆಚ್ಚು ದಕ್ಕುವಂತಾಗುತ್ತವೆ. ಹಸಿಯಾಗಿದ್ದಾಗಲೂ ಹೌದು, ಬೇಯಿಸಿದಾಗಲೂ ಹೌದು. ಅದು ಪ್ರಯೋಗಾಲಯದ ಪರೀಕ್ಷೆ, ಅತ್ತಿಯ ಪಡಸಾಲೆಯದಲ್ಲ ಎಂಬುದು ನಿಜ. ಆದರೆ ಮಧ್ಯಾಹ್ನ ಹೊಲದ ಬದುವಿನಲ್ಲಿ ರೊಟ್ಟಿ ಗಂಟು ಬಿಚ್ಚಿ, ಮುಷ್ಟಿಯಿಂದ ಉಳ್ಳಾಗಡ್ಡಿ ಗುದ್ದುವವನನ್ನು ಕಂಡಾಗ ನನಗೀಗ ಸ್ವಲ್ಪ ಗೌರವ ಬರುತ್ತದೆ.

ಹಸಿ ತಟ್ಟೆಗೆ ಒಳ್ಳೆಯ ನೀರು ಬೇಕು ಎನ್ನುವುದೂ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಕೊಣ್ಣೂರಿನೊಳಗೇ ಬಂದಿತ್ತು. ಅಂಥ ದಿನಗಳಲ್ಲಿ ಕುದಿಸದ ನೀರಿನಲ್ಲಿ ತೊಳೆದ ಹಕ್ಕರಕಿಯ ಸತ್ವದ ಬಗ್ಗೆ ಭಾಷಣ ಮಾಡುವ ಧೈರ್ಯ ನನ್ನ ತಮ್ಮನಿಗೂ ಬರಲಾರದು.

ನೀರು ಕುದಿಸಿಯೇ ಕುಡಿಯುವ ಜೈನ ಮುನಿಗಳು ಈ ಊರಿಗೆ ಹೊಸಬರಲ್ಲ. ಕೊಣ್ಣೂರು ಹಿಂದೆ ಕೊಳನೂರು. ಶಕ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ಇಲ್ಲಿ ಸಾಮಂತ ಬಂಕೆಯ ಕಟ್ಟಿಸಿದ ಜೈನ ಬಸದಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ದತ್ತಿ ಕೊಟ್ಟನೆಂದು ಊರಿನ ಶಾಸನ ಹೇಳುತ್ತದೆ. ಜೈನ ಮುನಿಗಳಿಗೆ ಉಳ್ಳಾಗಡ್ಡಿ ವರ್ಜ್ಯ, ಬೆಳ್ಳುಳ್ಳಿ ವರ್ಜ್ಯ, ಮೂಲಂಗಿ, ಗಜ್ಜರಿ ವರ್ಜ್ಯ. ಇನ್ನು ಪೇರಲ, ಟೊಮೆಟೊ, ಶೇಂಗಾ, ಮೆಣಸಿನಕಾಯಿ ಆಗ ಯಾರಿಗೂ ಇರಲಿಲ್ಲ. ನಾಲ್ಕೂ ಅಮೆರಿಕ ಖಂಡದ ಸರಕು, ಇತ್ತ ಕಡೆ ಬಂದದ್ದು ಪೋರ್ಚುಗೀಸರು ಹಡಗು ಹತ್ತಿದ ಮೇಲೆ.

ಇದನ್ನು ಅತ್ತಿಗೆ ಹೇಳಿದೆ. ಹಸೀದೋ ಬೆಂದದ್ದೋ ಎಂಬ ಚಿಂತೆ ಅವಳಿಗೆ ಬರಲಿಲ್ಲ.

"ಅಯ್ಯ ಶಿವನ! ಮೆಣಸಿನಕಾಯಿನೂ ಇಲ್ಲ, ಶೇಂಗಾನೂ ಇಲ್ಲ? ಮತ್ತ ರೊಟ್ಟಿ ಯಾತರ ಕೂಡ ತಿಂತಿದ್ರೋ ಪಾಪ?"