ಹದಿನೆಂಟು ದಾಟಿದ ಮತದಾರ: ಬಳಕೆ ಮತ್ತು ನಿರ್ವಹಣೆಯ ಕೈಪಿಡಿ

(ಮನೆಯ ಹಿರಿಯರಿಗಾಗಿ. ಮಕ್ಕಳ ಕೈಗೆ ಸಿಗದಂತೆ ಇಡಿ.)

ಹದಿನೆಂಟು ತುಂಬಿದ ಮಗನನ್ನೋ ಮಗಳನ್ನೋ ಮನೆಯಲ್ಲಿ ಹೊಂದಿರುವ ತಮಗೆ ಅಭಿನಂದನೆಗಳು. ಈ ಮಾದರಿಯ ಮತದಾರರು 1989ರಿಂದ ಚಾಲ್ತಿಯಲ್ಲಿದ್ದಾರೆ. ಅಲ್ಲಿಯವರೆಗೆ 21 ತುಂಬದೆ ಬೂತಿನೊಳಗೆ ಬಿಡುತ್ತಿರಲಿಲ್ಲ. ಸಂವಿಧಾನದ 61ನೇ ತಿದ್ದುಪಡಿ ಮೂರು ವರ್ಷ ಇಳಿಸಿತು. ಆ ರಿಯಾಯಿತಿಯಲ್ಲಿ ಮೊದಲ ವೋಟು ಹಾಕಿದ ಹುಡುಗರೇ ಈಗ ಐವತ್ತು ದಾಟಿ, ಪಾರ್ಕಿನ ಬೆಂಚಿನ ಮೇಲೆ ಕೂತು, ‘ಈಗಿನ ಹುಡುಗರಿಗೆ ದೇಶದ ಚಿಂತೆಯೇ ಇಲ್ಲ ಕಣ್ರೀ’ ಎನ್ನುತ್ತಿದ್ದಾರೆ. ಕೈಪಿಡಿ ಮುಖ್ಯವಾಗಿ ಇವರಿಗಾಗಿ.

ಬಳಸುವ ಮುನ್ನ ಓದಿ

ಬಹುತೇಕ ಹಿರಿಯರು ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಹೊದಿಕೆ ಎಳೆದು, ‘ಏಳೋ, ವೋಟು ಹಾಕಿ ಬಾ’ ಎಂದು ಚಾಲನೆ ಕೊಡಲು ನೋಡುತ್ತಾರೆ. ಇದರಿಂದ ಗೊಣಗಾಟದ ಶಬ್ದ ಬರುತ್ತದೆಯೇ ಹೊರತು ವೋಟು ಬರುವುದಿಲ್ಲ. ಎಷ್ಟೋ ಸಲ ಎಬ್ಬಿಸಿ ಪ್ರಯೋಜನವೂ ಇರುವುದಿಲ್ಲ, ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ. ದೇಶಭಕ್ತಿ ಉಕ್ಕಿ ಬರುವುದು ಸಾಮಾನ್ಯವಾಗಿ ಅದಾದ ಮೇಲೆಯೇ.

ಅಳವಡಿಕೆ

ಹೊಸ ಹೆಸರಿಗೆ ನಮೂನೆ 6. ಮನೆ ಬದಲಾದರೆ, ಹೆಸರೋ ವಯಸ್ಸೋ ತಪ್ಪಾಗಿದ್ದರೆ ನಮೂನೆ 8. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. ಜನವರಿ 2ಕ್ಕೆ ಹುಟ್ಟಿದ ಪಾಪಕ್ಕೆ ಒಂದು ವರ್ಷ ಕಾಯಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ಗಡುವುಗಳಿವೆ. ಹದಿನೇಳು ತುಂಬಿದವರು ಮುಂಗಡ ಅರ್ಜಿ ಹಾಕಿಡಬಹುದು. ಎಲ್ಲವೂ ಮೊಬೈಲಿನಲ್ಲೇ ಆಗುತ್ತದೆ. ತಮಗೆ ಬಾರದಿದ್ದರೆ ಮಗಳನ್ನೇ ಕೇಳಿ. ನೆಪವೂ ಸಿಕ್ಕಿತು, ಕೆಲಸವೂ ಆಯಿತು.

ಅಳವಡಿಕೆ ತಪ್ಪಿದರೆ ಎಂಥವರಿಗೂ ಕಷ್ಟ. ಮತದಾನ ಮಾಡಿ ಎಂದು ಕರ್ನಾಟಕಕ್ಕೆಲ್ಲ ಕರೆ ಕೊಡಲು ಚುನಾವಣಾ ಆಯೋಗ ಆರಿಸಿಕೊಂಡಿದ್ದ ರಾಯಭಾರಿ ರಾಹುಲ್ ದ್ರಾವಿಡ್. 2019ರಲ್ಲಿ ಅವರಿಗೇ ವೋಟು ಹಾಕಲು ಆಗಲಿಲ್ಲ. ಇಂದಿರಾನಗರದಿಂದ ಮನೆ ಬದಲಿಸಿದಾಗ ಹಳೆಯ ಪಟ್ಟಿಯಿಂದ ಹೆಸರು ತೆಗೆಸಿದ್ದಾಗಿತ್ತು, ಹೊಸ ವಿಳಾಸದಲ್ಲಿ ಸೇರಿಸುವ ಅರ್ಜಿ ಸಕಾಲಕ್ಕೆ ಹೋಗಿರಲಿಲ್ಲ. ಇಡೀ ದಿನ ಕ್ರೀಸು ಬಿಟ್ಟು ಕದಲದವರ ಗತಿಯೇ ಹೀಗಾದರೆ, ಹನ್ನೊಂದು ತಿಂಗಳಿಗೊಮ್ಮೆ ಪಿಜಿ ಬದಲಿಸುವ ಹುಡುಗನ ಕತೆ ಕೇಳುವುದೇ ಬೇಡ.

ಪಿಜಿ ಮಾದರಿಗೆ ವಿಶೇಷ ಸೂಚನೆ

ಈ ಮಾದರಿ ಬೆಂಗಳೂರಿನ ಬಿಟಿಎಂ ಲೇಔಟ್, ಮಾರತಹಳ್ಳಿ ಕಡೆ ಹೇರಳ. ಮೈ ಬೆಂಗಳೂರಿನಲ್ಲಿ, ಹೆಸರು ರಾಯಚೂರಿನ ಪಟ್ಟಿಯಲ್ಲಿ. ಊರಿಗೆ ಹೋಗಬೇಕೆಂದರೆ ರಾತ್ರಿಯಿಡೀ ಬಸ್ಸು. ಚುನಾವಣೆಯ ಮುನ್ನಾದಿನ ಖಾಸಗಿ ಸ್ಲೀಪರಿನ ದರ ಅವನ ಪಿಜಿ ಬಾಡಿಗೆಯ ಹತ್ತಿರಕ್ಕೆ ಹೋಗಿರುತ್ತದೆ. ಬೇಡ, ಇಲ್ಲೇ ಹೆಸರು ಸೇರಿಸೋಣ ಎಂದರೆ ವಿಳಾಸದ ದಾಖಲೆ ಕೇಳುತ್ತಾರೆ. ಕರಾರುಪತ್ರ ಎಂದ ಕೂಡಲೇ ಪಿಜಿ ಓನರಿಗೆ ತೆರಿಗೆ ಇಲಾಖೆಯವರು ಕಣ್ಣ ಮುಂದೆ ಬರುತ್ತಾರೆ. ದಾಖಲೆ ಇಲ್ಲದವರಿಗೂ ದಾರಿಯುಂಟು, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಖುದ್ದಾಗಿ ಬಂದು ವಿಚಾರಿಸಿ ಖಚಿತಪಡಿಸಿಕೊಳ್ಳಬಹುದು. ಅವರು ಬಂದಾಗ ಹುಡುಗ ಆಫೀಸಿನಲ್ಲಿರುತ್ತಾನೆ. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದು, ‘ಆ ಹೆಸರಿನೋರು ಯಾರೂ ಇಲ್ಲ ಮೇಡಂ, ಇಲ್ಲಿ ಎಲ್ಲರಿಗೂ ರೂಮ್ ನಂಬರೇ’ ಎನ್ನುತ್ತಾರೆ. ಅಲ್ಲಿಗೆ ಒಂದು ಅರ್ಜಿ ಮುಗಿಯಿತು.

ನಾವು ಉದಾಸೀನ ಎಂದು ಬೈಯುವುದರಲ್ಲಿ ಬಹುಪಾಲು ಈ ವಿಳಾಸದ ಜಂಜಾಟವೇ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮತದಾನ ಶೇ 53ರ ಆಸುಪಾಸಿನಲ್ಲಿ ನಿಂತಿತು. ನೂರು ಕಿಲೋಮೀಟರ್ ಆಚೆಯ ಮಂಡ್ಯ ಶೇ 81 ದಾಟಿತು. ಬೆಂಗಳೂರಿನವರಿಗೆ ಸೊಕ್ಕು, ಮಂಡ್ಯದವರಿಗೆ ಕೆಚ್ಚು ಎಂದು ತೀರ್ಪು ಕೊಡುವುದು ಸುಲಭ. ಆದರೆ ಮಂಡ್ಯದ ಹುಡುಗ ಅಂದು ಬೆಳಿಗ್ಗೆ ಬಸ್ಸು ಹತ್ತಿ, ವೋಟು ಹಾಕಿ, ಅಮ್ಮನ ಕೈಯ ಮುದ್ದೆ ಉಂಡು ಸಂಜೆಗೆ ವಾಪಸಾಗಬಲ್ಲ. ಬೆಂಗಳೂರಿನ ಪಟ್ಟಿಯಲ್ಲೋ, ಯಾವತ್ತೋ ಮನೆ ಖಾಲಿ ಮಾಡಿ ಹೋದವರ ಹೆಸರು ಇನ್ನೂ ಬಾಡಿಗೆ ಕೊಡದೆ ಕೂತಿದೆ.

ಹಾಸ್ಟೆಲಿನ ವಿದ್ಯಾರ್ಥಿಗಳು ಊರಿನ ವಿಳಾಸದಲ್ಲಾದರೂ ಹಾಸ್ಟೆಲಿನ ವಿಳಾಸದಲ್ಲಾದರೂ ಸೇರಬಹುದು. ಎರಡೂ ಕಡೆ ಮಾತ್ರ ಇರುವಂತಿಲ್ಲ.

ಚಾಲನೆಯ ದಿನ

ರಜೆ ಇದೆಯೇ ಎಂಬ ಪ್ರಶ್ನೆ ಬೇಡ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಖಾಸಗಿ ಕಂಪನಿಯೂ ಸಂಬಳ ಸಹಿತ ರಜೆ ಕೊಡಲೇಬೇಕು. ರಜೆ ಸಿಕ್ಕವನು ನಂದಿಬೆಟ್ಟಕ್ಕೆ ಹೋಗದಂತೆ ನೋಡಿಕೊಳ್ಳುವುದು ಬೇರೆಯೇ ಅಧ್ಯಾಯ. 2023ರ ವಿಧಾನಸಭಾ ಚುನಾವಣೆಯನ್ನು ಆಯೋಗ ಬೇಕೆಂದೇ ಮೇ 10ರ ಬುಧವಾರಕ್ಕೆ ಇಟ್ಟಿತು, ವಾರಾಂತ್ಯಕ್ಕೆ ಗಂಟು ಹಾಕಿಕೊಳ್ಳಲಾಗದಿರಲಿ ಎಂದು. ಮರುವರ್ಷ ಲೋಕಸಭೆಯ ಮತದಾನಕ್ಕೆ ಏಪ್ರಿಲ್ 26ರ ಶುಕ್ರವಾರ ಬಂತು. ಶನಿವಾರ, ಭಾನುವಾರ ತಾವಾಗಿಯೇ ಜೊತೆಗೂಡಿದವು. ಬುಧವಾರಕ್ಕೂ ಬೆಂಗಳೂರು ಹೆಚ್ಚೇನೂ ಅಲುಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಬೂತಿನೊಳಗೆ ಮೊದಲ ಅಧಿಕಾರಿ ಹೆಸರು ಮತ್ತು ಕ್ರಮಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ. ಹೊಸ ಮತದಾರರಿಗೆ ಶಾಲೆಯ ಹಾಜರಿ ನೆನಪಾಗಿ ‘ಪ್ರೆಸೆಂಟ್’ ಎಂದುಬಿಡುವ ಅಪಾಯವಿದೆ. ಎರಡನೆಯವರ ಬಳಿ ರಿಜಿಸ್ಟರಿಗೆ ಸಹಿ, ಎಡಗೈ ತೋರುಬೆರಳಿಗೆ ಶಾಯಿ. ಉಗುರಿನಿಂದ ಚರ್ಮದವರೆಗೆ ಎಳೆದ ಆ ಗೆರೆ ಮೊದಲು ನೇರಳೆಯಾಗಿದ್ದು, ಬಿಸಿಲು ಕಂಡಂತೆ ಕಪ್ಪಾಗುತ್ತದೆ. ಅದು ಸಿಲ್ವರ್ ನೈಟ್ರೇಟಿನ ಕೆಲಸ. ಚರ್ಮದ್ದು ಕೆಲವು ದಿನಕ್ಕೆ ಹೋದರೂ ಉಗುರಿನದ್ದು ಉಗುರು ಬೆಳೆದೇ ಹೋಗಬೇಕು. 1962ರಿಂದ ಈ ಶಾಯಿ ದೇಶಕ್ಕೆಲ್ಲ ಹೋಗುತ್ತಿರುವುದು ಮೈಸೂರಿನ ಕಾರ್ಖಾನೆಯಿಂದ, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ತೆರೆದ ಅರಗಿನ ಕಾರ್ಖಾನೆಯೇ ಅದು. ಸೆಲ್ಫಿಗೆ ಒಡ್ಡುವ ಬೆರಳಿನ ಮೇಲೆ ಮೈಸೂರಿದೆ ಎಂದು ಹುಡುಗರಿಗೆ ಹೇಳಿ. ಸೆಲ್ಫಿ ಹೊರಗೆ ಬಂದ ಮೇಲೆ ಮಾತ್ರ, ಒಳಗೆ ಮೊಬೈಲು ಬಿಡುವುದಿಲ್ಲ. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣುತ್ತದೆ. ರೀಲ್ಸ್ ನೋಡಿ ಪಳಗಿದ ಕಣ್ಣಿಗೆ ಅದು ಧಾರಾಳವಾಯಿತು.

ಇಂಧನ: ಚುನಾವಣೆಯ ದಿನ ಬೆಂಗಳೂರಿನ ಕೆಲವು ಹೋಟೆಲುಗಳು ಶಾಯಿ ತೋರಿಸಿದವರಿಗೆ ಬಿಟ್ಟಿ ಬೆಣ್ಣೆದೋಸೆ ಹಾಕುತ್ತವೆ. ದೋಸೆಗಾಗಿ ವೋಟು ಹಾಕುವುದು ಪ್ರಜಾಪ್ರಭುತ್ವಕ್ಕೆ ಅವಮಾನ ಎನ್ನುವವರಿದ್ದಾರೆ. ಇನ್ನೂ ಏನೇನಕ್ಕೋ ವೋಟು ಹಾಕುವುದನ್ನು ಕಂಡ ನಾಡಿನಲ್ಲಿ, ಹಾಕಿದ ಮೇಲೆ, ಯಾರಿಗೆಂದು ಕೇಳದೆ ಕೊಡುವ ದೋಸೆ ಬಲು ಸಭ್ಯ ವ್ಯವಹಾರ.

ದೋಷ ಮತ್ತು ಪರಿಹಾರ

‘ನನ್ನದೊಂದು ವೋಟಿನಿಂದ ಏನಾಗುತ್ತೆ?’ ಎಂದರೆ ಉಪದೇಶ ಬೇಡ, ಲೆಕ್ಕ ಹೇಳಿ. 2004ರ ವಿಧಾನಸಭಾ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ವೋಟು ಹಾಕಲು ಬಿಡುವು ಸಿಗಲಿಲ್ಲ ಎಂದು ಆ ಕಡೆಯವರು ಈಗಲೂ ಹೇಳುತ್ತಾರೆ. ಹಳೆಯ ಕತೆ ಎಂದು ಮುಖ ಸಿಂಡರಿಸಿದರೆ 2023ರ ಜಯನಗರಕ್ಕೆ ಬನ್ನಿ: ಗೆಲುವಿನ ಅಂತರ 16. ಒಂದು ಪಿಜಿಯ ಒಂದು ಮಹಡಿಯ ಹುಡುಗರು ಸಾಕಿತ್ತು.

‘ಎಲ್ಲರೂ ಕಳ್ಳರೇ’ ಎಂದರೆ ವಾದಕ್ಕೆ ಇಳಿಯಬೇಡಿ, ಸೋಲುತ್ತೀರಿ. 2013ರಿಂದ ಪಟ್ಟಿಯ ಕೊನೆಯಲ್ಲಿ ನೋಟಾ ಇದೆ ಎಂದಷ್ಟೇ ಹೇಳಿ. ಅದಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಮುಂದಿದ್ದವರೇ ಗೆಲ್ಲುತ್ತಾರೆ ಎಂಬುದನ್ನೂ ಮುಚ್ಚಿಡಬೇಡಿ.

‘ನನ್ನ ವೋಟು ಆಗಲೇ ಯಾರೋ ಹಾಕಿಬಿಟ್ಟಿದ್ದಾರೆ’ ಎಂದು ವಾಪಸು ಬಂದರೆ ತಿರುಗಿ ಕಳಿಸಿ. ಗುರುತು ಸಾಬೀತಾದರೆ ಕಾಗದದ ಮತಪತ್ರ ಕೊಡುತ್ತಾರೆ, ಅದಕ್ಕೆ ಟೆಂಡರ್ಡ್ ವೋಟ್ ಎನ್ನುತ್ತಾರೆ.

ಎಚ್ಚರಿಕೆ

ಯಾರಿಗೆ ಹಾಕಬೇಕೆಂದು ಹೇಳಬೇಡಿ. ಜಾತಿ, ನೆಂಟಸ್ತನ, ‘ನಮ್ಮ ಮನೆಯಲ್ಲಿ ಮೊದಲಿಂದಲೂ’ ಎಂಬ ಮಾತುಗಳನ್ನು ಸೇರಿಸಿದರೆ ವಾರಂಟಿ ರದ್ದಾಗುತ್ತದೆ. ಅಷ್ಟೇ ಅಲ್ಲ, ಹಾಕಿ ಬಂದ ಮೇಲೆ ‘ಯಾರಿಗೆ ಹಾಕಿದೆ?’ ಎಂದೂ ಕೇಳಬೇಡಿ. ತಮಗಿಂತ ಬೇರೆ ಗುಂಡಿ ಒತ್ತಿ ಬಂದ ಮಗಳು ತಮ್ಮ ಎದುರೇ ಕೂತು ಕಾಫಿ ಕುಡಿಯುತ್ತಿದ್ದಾಳೆ ಎಂದರೆ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ.

ಸಹಾಯವಾಣಿ 1950. ಮಕ್ಕಳ ಹೆಸರು ಹುಡುಕಲು ಕೂತಾಗ ತಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ವೋಟರ್ ಐಡಿ ಬೀರುವಿನಲ್ಲಿದೆ ಎಂದ ಮಾತ್ರಕ್ಕೆ ಹೆಸರು ಪಟ್ಟಿಯಲ್ಲಿದೆ ಎಂದಲ್ಲ.