ವಿಟೆಕ್ ಭಾವ

ಮದುವೆ ಛತ್ರದಲ್ಲಿ ಮುಹೂರ್ತ ಮುಗಿದು, ಮೊದಲ ಪಂಕ್ತಿಯಲ್ಲಿ ಜಾಗ ಸಿಗದೆ, ಎರಡನೆಯದಕ್ಕೆ ಇನ್ನೂ ಎಲೆ ಹಾಕದ ಆ ಮುಕ್ಕಾಲು ಗಂಟೆಯಲ್ಲಿ ಗಂಡಸರು ಮೂರು ಗುಂಪಾಗುತ್ತಾರೆ. ಒಂದು ಗುಂಪು ರಾಜಕೀಯಕ್ಕೆ ಕೂರುತ್ತದೆ, ಇನ್ನೊಂದು ಸೈಟಿನ ರೇಟಿಗೆ. ಮೂರನೆಯದು ಯಾರೂ ಕರೆಯದೆ ತಾನಾಗಿ ಪಾರ್ಕಿಂಗಿಗೆ ಇಳಿಯುತ್ತದೆ. ಅಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು, ನಿಂತ ಕಾರುಗಳ ಹಿಂಭಾಗವನ್ನೇ ನೋಡುತ್ತ ಸಾಲಿನುದ್ದಕ್ಕೂ ನಡೆಯುವ, ಐವತ್ತು ದಾಟಿದ, ಜರಿ ಪಂಚೆಯ ಒಬ್ಬರಿರುತ್ತಾರೆ. ನಮ್ಮ ಕುಟುಂಬದಲ್ಲಿ ಅವರು ನನ್ನ ಅಕ್ಕನ ಗಂಡ. ನಿಮ್ಮಲ್ಲಿ ಚಿಕ್ಕಪ್ಪನೋ ಸೋದರಮಾವನೋ ಇರಬಹುದು. ಯಾರೂ ಇಲ್ಲ ಅನ್ನುವುದಾದರೆ ಬಹುಶಃ ನೀವೇ.

ಭಾವನಿಗೆ ಕಾರಿನ ಬಣ್ಣ, ಬೆಲೆ, ಸನ್‌ರೂಫು ಯಾವುದೂ ಬೇಡ. ಡಿಕ್ಕಿಯ ಮೇಲೆ ಕಂಪನಿಯವರು ಅಂಟಿಸಿದ ಅಕ್ಷರಗಳಿದ್ದರೆ ಸಾಕು. ಅದನ್ನು ಓದಿ, ಅರ್ಧ ನಿಮಿಷ ಸುಮ್ಮನಿದ್ದು, ಪಕ್ಕದಲ್ಲಿರುವವರು ಅಪರಿಚಿತರಾದರೂ ಸರಿ, ತೀರ್ಪು ಕೊಡುತ್ತಾರೆ: ‘ಈ ಹೆಸರನ್ನ ಈ ಗಾಡಿಗೆ ಇಡಬಾರದಿತ್ತು ಕಣ್ರೀ.’ ಪಕ್ಕದವರು ಆ ಗಾಡಿಯ ಓನರೇ ಆಗಿದ್ದ ಸಂದರ್ಭಗಳೂ ಉಂಟು.

ಅವರ ಪ್ರಕಾರ ಕಾರು ಕಂಪನಿಗಳು ಎರಡೇ ತಪ್ಪು ಮಾಡುತ್ತವೆ. ಒಂದು, ಜೋರಾಗಿ ಓಡುತ್ತಿದ್ದ ಒಳ್ಳೆಯ ಹೆಸರನ್ನು ನಿಲ್ಲಿಸಿಬಿಡುವುದು. ಇನ್ನೊಂದು, ನಿಲ್ಲಿಸಿದ ಹೆಸರನ್ನು ವಾಪಸು ತರುವುದು.

ಮನೆಯಲ್ಲಿ ಅವರದೊಂದು ಹೋಂಡಾ ಸಿಟಿ ವಿಟೆಕ್ ಇದೆ. 2001ರ ಮಾಡೆಲ್. ಇವರು ಮೂರನೇ ಓನರ್. ಒಂದೂವರೆ ಲೀಟರಿನ ಎಂಜಿನ್, 106 ಅಶ್ವಶಕ್ತಿ. ಆ ಕಾಲಕ್ಕೆ ಆ ಬೆಲೆಯ ಕಾರಿನಲ್ಲಿ ಅಷ್ಟು ದಮ್ಮಿರುವುದು ಅಪರೂಪವೇ, ಅದನ್ನು ನಾನೂ ಒಪ್ಪುತ್ತೇನೆ. ವಿಟೆಕ್ ಎಂದರೇನು ಎಂಬುದನ್ನು ನಮ್ಮ ಮನೆಯ ಎಲ್ಲರಿಗೂ ಊಟದ ಹೊತ್ತಿನಲ್ಲಿ ಸಾರಿನ ಸೌಟು ಹಿಡಿದು ತಿಳಿಸಿಕೊಡಲಾಗಿದೆ. ಎಂಜಿನ್ ನಿಧಾನವಾಗಿ ತಿರುಗುವಾಗ ವಾಲ್ವುಗಳು ಹೀಗೆ ಸ್ವಲ್ಪವೇ ತೆರೆಯುತ್ತವೆ. ಸೌಟು ಒಂದಿಂಚು ಮೇಲೇಳುತ್ತದೆ. ಆರ್‌ಪಿಎಂ ಏರಿದಾಗ ಕ್ಯಾಮ್‌ಶಾಫ್ಟಿನ ಬೇರೊಂದು ಉಬ್ಬು ಕೆಲಸಕ್ಕಿಳಿದು ಅದೇ ವಾಲ್ವನ್ನು ಇನ್ನೂ ಎತ್ತರಕ್ಕೆ, ಇನ್ನೂ ಹೆಚ್ಚು ಹೊತ್ತು ತೆರೆದು ಹಿಡಿಯುತ್ತದೆ. ಸೌಟು ತಲೆಯ ಮಟ್ಟಕ್ಕೆ ಹೋಗುತ್ತದೆ. ‘ಆಗ ನೋಡು ಗಾಡಿ, ಬೇರೇನೇ!’ ಅಷ್ಟರಲ್ಲಿ ಸೌಟಿನಲ್ಲಿದ್ದ ಸಾರು ಮೇಜಿನ ಮೇಲೆ.

ತೊಂದರೆ ಏನೆಂದರೆ, ಬನಶಂಕರಿಯಿಂದ ಕೆ.ಆರ್. ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಆ ಎರಡನೇ ಉಬ್ಬಿಗೆ ಕೆಲಸವೇ ಬೀಳುವುದಿಲ್ಲ. ಎರಡನೇ ಗೇರಿನಲ್ಲಿ ಹೋಗಿ, ಮೊದಲನೇ ಗೇರಿನಲ್ಲಿ ಬರುತ್ತೇವೆ. ಅದಕ್ಕಾಗಿ ಭಾವ ಭಾನುವಾರ ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಎದ್ದು, ಹೊದಿಕೆ ತೆಗೆದು, ಬ್ಯಾಟರಿ ಟರ್ಮಿನಲ್ ಬಿಗಿದು, ನೈಸ್ ರಸ್ತೆಗೆ ಒಯ್ಯುತ್ತಾರೆ. ಒಮ್ಮೆ ಪಕ್ಕದ ಸೀಟಿನಲ್ಲಿ ನಾನೂ ಇದ್ದೆ. ಟೋಲ್ ದಾಟಿದ ಮೇಲೆ ಅವರು ಮೂರನೇ ಗೇರಿಗೆ ಹಾಕಿ, ಕಾಲು ಒತ್ತಿ, ‘ಈಗ... ಈಗ...’ ಎಂದರು. ಎಂಜಿನ್ನಿನ ಸದ್ದು ನಿಜಕ್ಕೂ ಬದಲಾಯಿತು. ನನ್ನ ಬೆನ್ನು ಸೀಟಿಗೆ ಅಂಟಿತು. ಆ ಕ್ಷಣ ಭಾವನ ಮುಖ ನೋಡಿದ್ದರೆ ನೀವೂ ಅವರ ಎಲ್ಲ ಭಾಷಣಗಳನ್ನು ಮನ್ನಿಸುತ್ತಿದ್ದಿರಿ. ಇದೆಲ್ಲ ನಡೆದದ್ದು ಹತ್ತು ಸೆಕೆಂಡು. ಆಮೇಲೆ ಐದನೇ ಗೇರಿಗೆ ಹಾಕಿ ಅರವತ್ತರ ವೇಗಕ್ಕೆ ಇಳಿದರು. ‘ಪೆಟ್ರೋಲ್ ರೇಟ್ ಗೊತ್ತಲ್ಲ’ ಎಂದರು.

ವಾರದ ಉಳಿದ ದಿನ ಅವರು ಓಡಿಸುವುದು ಒಂದು ವ್ಯಾಗನ್ ಆರ್. ಅದೂ ಕ್ಲಚ್ ಇಲ್ಲದ್ದು. ಎಡ ಮೊಣಕಾಲು ಸವೆದಿದೆ, ಕ್ಲಚ್ ತುಳಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಈ ವಿಷಯವನ್ನು ಪಾರ್ಕಿಂಗ್ ಗುಂಪಿನಲ್ಲಿ ಎತ್ತುವಂತಿಲ್ಲ.

2003ರ ಕೊನೆಗೆ ಹೋಂಡಾ ಹೊಸ ಆಕಾರದ ಸಿಟಿ ತಂದು, ಅದರಲ್ಲಿ 77 ಅಶ್ವಶಕ್ತಿಯ ಎಂಜಿನ್ ಇಟ್ಟಿತು. ಮೈಲೇಜು ಹೆಚ್ಚು, ದಮ್ಮು ಕಡಿಮೆ. ಭಾವ ಇಂದಿಗೂ ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ‘ನೂರಾ ಆರರಿಂದ ಎಪ್ಪತ್ತೇಳಕ್ಕೆ!’ ಜನ ಮಾತ್ರ ಆ ಕಾರನ್ನು ಸಂತೋಷವಾಗಿ ಕೊಂಡರು. ವಿಟೆಕ್ ಹೆಸರು ಮುಂದೆ ಅದೇ ಕಾರಿಗೆ ಮರಳಿತು, 2008ರ ಸಿಟಿಯಲ್ಲಿ ಮುಂದೊಂದು ‘ಐ’ ಸೇರಿಸಿಕೊಂಡೂ ಬಂತು. ‘ಅದು ಬೇರೆ ವಿಟೆಕ್’ ಎನ್ನುತ್ತಾರೆ ಭಾವ. ಹೇಗೆ ಬೇರೆ ಎಂದು ಕೇಳಲು ಹೋಗಬೇಡಿ, ಮತ್ತೆ ಸೌಟು ಬರುತ್ತದೆ.

ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಮಾರುತಿ ಝೆನ್ ಕತೆ ತೆಗೆದುಕೊಳ್ಳಿ. 1993ರಿಂದ 2006ರವರೆಗೆ ನಮ್ಮ ರಸ್ತೆಯಲ್ಲಿದ್ದ ಆ ಪುಟ್ಟ ಕಾರು ನೆಲಕ್ಕೆ ಅಂಟಿಕೊಂಡು, ಹೇಳಿದ ಕಡೆ ತಿರುಗುತ್ತ ಓಡುತ್ತಿತ್ತು. ಅದನ್ನು ನಿಲ್ಲಿಸಿದ ವರ್ಷವೇ ಝೆನ್ ಎಸ್ಟಿಲೋ ಎಂದು ಎತ್ತರದ, ಮೂತಿ ಇಳಿಬಿದ್ದ ಇನ್ನೊಂದು ಕಾರು ಬಂತು. ಹಳೆಯ ಝೆನ್‌ಗೂ ಅದಕ್ಕೂ ಹೆಸರು ಬಿಟ್ಟರೆ ನಂಟಿರಲಿಲ್ಲ. 2009ರಲ್ಲಿ ಕಂಪನಿಯೇ ಝೆನ್ ಅನ್ನುವುದನ್ನು ಕಿತ್ತು ಬರೀ ಎಸ್ಟಿಲೋ ಎಂದು ಕರೆಯಿತು. ಭಾವ ಇದನ್ನು ತಮ್ಮ ಸ್ವಂತ ಗೆಲುವೆಂದೇ ಎಣಿಸುತ್ತಾರೆ. ಇಲ್ಲಿ ನಾನು ಅವರ ಪಕ್ಷ.

ಆದರೆ ಬಲೆನೋ ಸುದ್ದಿ ಎತ್ತಿದರೆ ಅವರು ಎಲೆಯ ಕಡೆ ನೋಡುತ್ತಾರೆ. ಹಳೆಯ ಬಲೆನೋ 1.6 ಲೀಟರಿನ ಸೆಡಾನ್, ಓಡಿಸಬಲ್ಲವರ ಕಾರು. 2007ರಲ್ಲಿ ನಿಂತಿತು. ಯಾವ ಅಭಿಮಾನಿಯ ಅಪ್ಪಣೆಯನ್ನೂ ಕೇಳದೆ ಮಾರುತಿಯವರು 2015ರಲ್ಲಿ ಅದೇ ಹೆಸರನ್ನು ಒಂದು ಹ್ಯಾಚ್‌ಬ್ಯಾಕಿಗೆ ಇಟ್ಟರು. ಇವತ್ತು ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಮನೆಗೊಂದು ಬಲೆನೋ ನಿಂತಿದೆ. ಕೊಂಡವರಲ್ಲಿ ಎಷ್ಟು ಜನಕ್ಕೆ ಆ ಹಳೆಯ ಸೆಡಾನ್ ನೆನಪಿದೆ? ನೆನಪಿದ್ದ ನಮ್ಮ ಭಾವ ಕೊಳ್ಳಲಿಲ್ಲ. ಹೆಸರು ವಾಪಸು ತರಬೇಕೇ ಬೇಡವೇ ಎಂದು ಕಂಪನಿಯ ಮೀಟಿಂಗಿನಲ್ಲಿ ತಲೆ ಕೆರೆದುಕೊಳ್ಳುವವರಿಗೆ ಇಷ್ಟು ಗೊತ್ತಿದ್ದರೆ ಅರ್ಧ ಮೀಟಿಂಗ್ ಉಳಿಯುತ್ತದೆ.

ಹೊರದೇಶದ ಕಾರುಗಳಿಗೂ ಭಾವ ಅಷ್ಟೇ ನೋಯುತ್ತಾರೆ. ಟೊಯೋಟಾ 2002ರಲ್ಲಿ ನಿಲ್ಲಿಸಿದ್ದ ಸುಪ್ರಾವನ್ನು 2019ರಲ್ಲಿ ಮತ್ತೆ ತಂದಿತಲ್ಲ, ಅದರ ಎಂಜಿನ್ ಬಿಎಂಡಬ್ಲ್ಯುದು, ಕಟ್ಟಿದ್ದು ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿ. ಈ ಸುದ್ದಿ ತಿಳಿದ ದಿನ ಭಾವ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರು. ಆ ಕಾರು ಭಾರತದಲ್ಲಿ ಮಾರಾಟಕ್ಕೇ ಬರಲಿಲ್ಲ. ಹಳೆಯ ಸುಪ್ರಾವನ್ನಾದರೂ ಇವರು ಕಂಡದ್ದು ಸಿನಿಮಾದಲ್ಲಿ. ಸುಪ್ರಾ ವಿಷಯದಲ್ಲಿ ನಾನು ಟೊಯೋಟಾ ಕಡೆ. ವರ್ಷಕ್ಕೆ ಕೆಲವೇ ಸಾವಿರ ಮಾರಾಟವಾಗುವ ಸ್ಪೋರ್ಟ್ಸ್ ಕಾರಿಗೆ ಹೊಸ ಎಂಜಿನ್ ತಯಾರಿಸುವ ಖರ್ಚು ಒಬ್ಬರ ಕೈಲಾಗುವುದಲ್ಲ. ಇಬ್ಬರು ಹಂಚಿಕೊಂಡರು. ಹಳೆಯದರಲ್ಲಿದ್ದ ಹಾಗೆ ಆರು ಸಿಲಿಂಡರು ಒಂದೇ ಸಾಲಿನಲ್ಲಿ ಇರುವಂತೆ ನೋಡಿಕೊಂಡರು. ಗಾಡಿ ಜೋರಾಗಿಯೂ ಓಡುತ್ತದೆ. ಇನ್ನೇನು ಬೇಕು? ಅದೇ ಫೋರ್ಡ್‌ನವರು 1986ರಲ್ಲಿ ನಿಲ್ಲಿಸಿದ್ದ ಕ್ಯಾಪ್ರಿ ಎಂಬ ಎರಡು ಬಾಗಿಲಿನ ಸೊಗಸುಗಾರನ ಹೆಸರನ್ನು 2024ರಲ್ಲಿ ಸಂಸಾರಸ್ಥರ ಎಲೆಕ್ಟ್ರಿಕ್ ಗಾಡಿಗೆ ಅಂಟಿಸಿದರಲ್ಲ, ಅಲ್ಲಿ ನಾನೂ ಭಾವನೂ ಒಟ್ಟಿಗೆ ಮಜ್ಜಿಗೆ ಕುಡಿಯಬಹುದು.

ಹೀಗೆ ಪ್ರಪಂಚದ ಕಾರುಗಳನ್ನೆಲ್ಲ ಹೊತ್ತ ಮನುಷ್ಯ ಒಂದೇ ಒಂದು ಸಲವೂ ಶೋರೂಮಿನಿಂದ ಜೋರಾಗಿ ಓಡುವ ಹೊಸ ಕಾರು ತಂದವರಲ್ಲ. ಅವರು ಆರಾಧಿಸುವುದೆಲ್ಲ ಸೆಕೆಂಡ್‌ಹ್ಯಾಂಡಿನಲ್ಲಿ ಬಂದದ್ದು. ಹೊಸದಾಗಿದ್ದಾಗ ದುಡ್ಡು ಕೊಟ್ಟವರು ಇನ್ಯಾರೋ. ಫಿಯಟ್‌ನವರು ಸಚಿನ್ ತೆಂಡೂಲ್ಕರರನ್ನೇ ಮುಂದಿಟ್ಟುಕೊಂಡು ಪಾಲಿಯೊ ಮಾರಿದ ದಿನಗಳಲ್ಲಿ ಅದರ 1.6 ಜಿಟಿಎಕ್ಸ್ ಎಂಬ ನೂರು ಅಶ್ವಶಕ್ತಿಯ ಅವತಾರವನ್ನು ಭಾವ ಕಂಡಕಂಡಲ್ಲಿ ಹೊಗಳಿದರು. ಹೊಗಳಿ, ಮೈಲೇಜು ವಿಚಾರಿಸಿ, ಮನೆಗೆ ಬಂದರು. ಆಮೇಲೆ ಅದು ನಿಂತಾಗ ‘ನಮ್ಮ ಜನಕ್ಕೆ ಟೇಸ್ಟ್ ಇಲ್ಲ’ ಎಂದು ಮರುಗಿದರು. ಮೊನ್ನೆ ಅವರ ತಂಗಿಯ ಮಗ ಮೊದಲ ಸಂಬಳದಲ್ಲಿ ಕಾರು ತಗೋತೀನಿ, ಯಾವುದು ತಗೊಳ್ಲಿ ಮಾವ ಎಂದು ಕೇಳಿದ. ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. ‘ಸ್ವಿಫ್ಟ್ ತಗೋ. ಮೈಲೇಜೂ ಬರುತ್ತೆ, ನಾಳೆ ಮಾರಿದರೆ ರೀಸೇಲೂ ಸಿಗುತ್ತೆ.’

ಇಷ್ಟೆಲ್ಲ ಇದ್ದೂ ಅವರ ಹೃದಯದ ಒಳಗಿನ ಕೋಣೆಯಲ್ಲಿ ಕೂತಿರುವುದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಟರ್ಬೊ ಪೆಟ್ರೋಲ್ ಅಂದರೇನೆಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲದಲ್ಲಿ 150 ಅಶ್ವಶಕ್ತಿ ಹೊತ್ತು ಬಂದ ಸೆಡಾನ್. ಅದರ ಹೆಸರಿಗೆ ಆದಷ್ಟು ಪಾಡು ಇನ್ಯಾವುದಕ್ಕೂ ಆಗಿಲ್ಲ. ಮುಂದಿನ ತಲೆಮಾರಿನ ಆಕ್ಟೇವಿಯಾ ಬರುವಾಗ ಹಳೆಯದು ಇನ್ನೂ ಮಾರಾಟದಲ್ಲಿತ್ತು. ಹಾಗಾಗಿ ಹೊಸದಕ್ಕೆ ಭಾರತದಲ್ಲಿ ಮಾತ್ರ ಲಾರಾ ಎಂದು ಹೆಸರಿಟ್ಟರು. 2013ರಲ್ಲಿ ಆಕ್ಟೇವಿಯಾ ಹೆಸರು ಮರಳಿತು. 2017ರಲ್ಲಿ ಆರ್‌ಎಸ್ 230, 2020ರಲ್ಲಿ ಆರ್‌ಎಸ್ 245 ಬಂದು ಹೋದವು. 2023ರಲ್ಲಿ ಆಕ್ಟೇವಿಯಾವೇ ಇಲ್ಲಿಂದ ಕಾಲ್ತೆಗೆಯಿತು. ಆವಾಗಿನಿಂದ ಭಾವನ ಬಾಯಲ್ಲಿ ಒಂದೇ ಪಲ್ಲವಿ: ‘ಆರ್‌ಎಸ್ ವಾಪಸು ತರಲಿ. ತಂದ ದಿನ ನಾನೇ ಮೊದಲು ಹೋಗಿ ನಿಲ್ತೀನಿ.’ ಅಕ್ಕ ಇದನ್ನು ಕೇಳಿ ಕೇಳಿ, ಹಾಲಿನವನ ಹತ್ತಿರವೂ ‘ಇವರದೊಂದು ಆರ್‌ಎಸ್ ಬರೋದಿದೆಯಪ್ಪ’ ಎನ್ನುವ ಹಂತಕ್ಕೆ ಬಂದಿದ್ದಳು.

2025ರ ಅಕ್ಟೋಬರಿನಲ್ಲಿ ಸ್ಕೋಡಾದವರು ನಿಜವಾಗಿಯೂ ತಂದುಬಿಟ್ಟರು!

265 ಅಶ್ವಶಕ್ತಿ, ನಿಂತಲ್ಲಿಂದ ನೂರರ ವೇಗಕ್ಕೆ 6.4 ಸೆಕೆಂಡು. ಹೊರಗಿನಿಂದ ಆಮದಾಗಿ ಬರುವುದು ನೂರೇ ನೂರು ಕಾರು. ಬುಕಿಂಗ್ ತೆರೆಯುವ ದಿನ ಹತ್ತಿರವಾದಂತೆ ಭಾವ ಮೆತ್ತಗಾಗುತ್ತ ಹೋದರು. ಊಟದಲ್ಲಿ ಸೌಟು ಏಳಲಿಲ್ಲ. ಯಾರಾದರೂ ‘ಏನ್ ಭಾವ, ಬರ್ತಾ ಇದೆಯಂತಲ್ಲ’ ಎಂದರೆ ‘ಹ್ಞೂಂ, ನೋಡೋಣ’ ಎಂದು ಪೇಪರಿನ ಹಿಂದೆ ಸರಿಯುತ್ತಿದ್ದರು. ಬುಕಿಂಗ್ ದಿನ ಬೆಳಗ್ಗೆ ಸ್ನಾನ ಎಂದಿಗಿಂತ ಉದ್ದವಾಯಿತು, ಸಂಧ್ಯಾವಂದನೆ ಅದಕ್ಕಿಂತ ಉದ್ದವಾಯಿತು. ಮುಗಿಸಿ ಬಂದು ಫೋನು ನೋಡಿದರೆ, ನೂರೂ ಕಾರು 20 ನಿಮಿಷದಲ್ಲಿ ಖಾಲಿ. ಆಗಿನ್ನೂ ಕಂಪನಿ ಬೆಲೆಯನ್ನೇ ಹೇಳಿರಲಿಲ್ಲ!

ಅವರ ಮುಖದ ಮೇಲೆ ಮೂಡಿದ ಬೆಳಕನ್ನು ನಾನು ಕಣ್ಣಾರೆ ಕಂಡೆ. ಮಗಳ ಪರೀಕ್ಷೆ ಮುಂದಕ್ಕೆ ಹೋದಾಗಲೂ ಅಷ್ಟು ಹಗುರವಾಗಿರಲಿಲ್ಲ. ‘ಛೆ, ಛೆ, ಛೆ’ ಎಂದು ಮೂರು ಸಲ ಅಂದು, ಎರಡನೇ ಕಾಫಿ ಕೇಳಿ ತರಿಸಿಕೊಂಡರು. ಹನ್ನೊಂದು ದಿನ ಬಿಟ್ಟು ಬೆಲೆ ಹೊರಬಿತ್ತು: ರಸ್ತೆ ತೆರಿಗೆ, ವಿಮೆ ಎಲ್ಲ ಬಿಟ್ಟು 49.99 ಲಕ್ಷ. ಅಂದಿನಿಂದ ಅವರ ಧ್ವನಿ ಪೂರ್ತಿ ವಾಪಸಾಯಿತು. ‘ಬೆಲೆ ನನಗೇನೂ ಜಾಸ್ತಿ ಅನಿಸಲಿಲ್ಲ. ಇಪ್ಪತ್ತು ನಿಮಿಷ ತಪ್ಪಿತು, ಅಷ್ಟೇ’ ಎಂದು ಪಾರ್ಕಿಂಗಿನಲ್ಲಿ ಹೇಳುವುದನ್ನು ನಾನೇ ಕೇಳಿದ್ದೇನೆ. ಅಕ್ಕ ಮಾತ್ರ ಒಮ್ಮೆ ಕೇಳಿದಳು: ‘ಅಲ್ಲಾ ರೀ, ಅಡುಗೆಮನೆ ಚಿಮಣಿಗೆ ಆರು ತಿಂಗಳಿಂದ ದುಡ್ಡಿಲ್ಲ ಅಂತಿದ್ರಲ್ಲ?’ ಅದಕ್ಕೆ ಉತ್ತರ ಬರಲಿಲ್ಲ, ಚಿಮಣಿ ಬಂತು.

ಸ್ಕೋಡಾದವರ ಲೆಕ್ಕ ನನಗೆ ಸರಿಯಾಗಿಯೇ ಕಂಡಿತು. ದೇವಸ್ಥಾನದಲ್ಲಿ ಅರ್ಚನೆ ಚೀಟಿ ಬರೆಸುವವರು ನೂರು ಜನ, ಪ್ರಸಾದದ ಸಾಲಿನಲ್ಲಿ ಸಾವಿರ ಜನ. ಸಾವಿರ ಜನರ ಸದ್ದು ಕೇಳಿ ಸಾವಿರ ಚೀಟಿ ಮುದ್ರಿಸಿದವನು ಮುಳುಗುತ್ತಾನೆ. ಇವರು ನೂರೇ ಮುದ್ರಿಸಿದರು. ಹೆಸರು ಉಳಿಯಿತು, ಮಾಲು ಗೋಡೌನಿನಲ್ಲಿ ಕೊಳೆಯಲಿಲ್ಲ, ನಮ್ಮ ಭಾವನಂಥವರಿಗೆ ಇನ್ನೈದು ವರ್ಷಕ್ಕಾಗುವಷ್ಟು ಮಾತು ಸಿಕ್ಕಿತು. ಹಳೆಯ ಹೆಸರಿಗೆ ತಕ್ಕ ಓಟ ಗಾಡಿಯಲ್ಲಿದ್ದರೆ ತರಲಿ, ಇಲ್ಲದಿದ್ದರೆ ಎಸ್ಟಿಲೋ ನೆನಪಿರಲಿ. ತರುವ ಮೊದಲು ಬೇಕು ಬೇಕು ಎನ್ನುವವರಿಂದ ಹತ್ತು ಸಾವಿರ ಮುಂಗಡ ಕೇಳಿ ನೋಡಲಿ. ನಮ್ಮ ಬೀದಿ ಅಷ್ಟರಲ್ಲೇ ನಿಶ್ಶಬ್ದವಾಗುತ್ತದೆ.

ಕಳೆದ ತಿಂಗಳು ಯಾವುದೋ ಶೋರೂಮಿನ ಹುಡುಗನ ಫೋನು ಬಂತು. ಹಿಂದೊಮ್ಮೆ ವಿಚಾರಿಸಲು ಹೋದಾಗ ಭಾವ ನಂಬರು ಬರೆಸಿ ಬಂದಿದ್ದರಂತೆ. ಸ್ಪೀಕರಿನಲ್ಲಿ ಹಾಕಿದ್ದರಿಂದ ನಮಗೆಲ್ಲ ಕೇಳಿಸಿತು.

‘ಸರ್, ಆರ್‌ಎಸ್ ಮುಂದೆ ಮತ್ತೆ ಬಂದರೆ ಮೊದಲೇ ತಿಳಿಸೋಣ ಅಂತ. ನಿಮ್ಮ ಹೆಸರು ಬರ್ಕೊಳ್ಲಾ?’

ಅಕ್ಕ ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟಳು. ಭಾವ ಗಂಟಲು ಸರಿಮಾಡಿಕೊಂಡರು.

‘ಗೇರ್ ಯಾವುದಪ್ಪ? ಮ್ಯಾನುಯಲ್ಲಾ?’

‘ಇಲ್ಲ ಸರ್, ಆಟೋಮ್ಯಾಟಿಕ್ ಒಂದೇ. ಏಳು ಸ್ಪೀಡ್ ಡಿಎಸ್‌ಜಿ.’

‘ಕ್ಲಚ್ಚೇ ಇಲ್ವಾ?’

‘ಇಲ್ಲ ಸರ್. ಟ್ರಾಫಿಕ್‌ನಲ್ಲಿ ಕಾಲಿಗೆ ತುಂಬಾ ಆರಾಮ.’

‘ಕ್ಲಚ್ ಇಲ್ಲದ್ದು ಆರ್‌ಎಸ್ ಹೇಗಾಗುತ್ತಪ್ಪ? ಹೆಸರಿಗೊಂದು ಮರ್ಯಾದೆ ಬೇಡ್ವಾ? ನಿಮ್ಮ ಮೇಲಿನವರಿಗೆ ಹೇಳು’ ಎಂದು ಭಾವ ಫೋನಿಟ್ಟರು. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಸ್ಟೂಲಿನ ಮೇಲೆ ಚಾಚಿಕೊಂಡು, ಮುಲಾಮಿನ ಮುಚ್ಚಳ ತೆಗೆಯುತ್ತ ನನ್ನ ಕಡೆ ತಿರುಗಿದರು.

‘ನೋಡಿದ್ಯಾ, ಹೇಗೆ ಗಿರಾಕಿ ಕಳ್ಕೋತಾರೆ ಇವರು!’